ಬೆನ್ನಿನ ಅಂಕಿ

ಆಂಡರ್ಸನ್‌ಪೇಟೆಯ ಮಸೀದಿ ಬೀದಿಯಲ್ಲಿ
ಒಂದೂವರೆ ಆಳು ಹಿಡಿಯುವ ಅಂಗಡಿ ನನ್ನದು.
ಒಂದು ಆಳು ಮಿಷನ್ನು,
ಅರ್ಧ ನಾನು.
ಆಟ ತಿಳಿಯದು. ಆಫ್‌ಸೈಡ್ ಅಂದರೇನೆಂದು
ನಾಲ್ಕು ಜನ ಹೇಳಿಕೊಟ್ಟರು, ನಾಲ್ಕೂ ಬೇರೆ ಬೇರೆ.
ಬೆನ್ನು ಗೊತ್ತು.
ಇನ್ನಾಸಿಮುತ್ತುವಿನ ಬೆನ್ನು ನಾಲ್ಕು ಗೇಣಿನಿಂದ
ಐದಕ್ಕೆ ಬೆಳೆದದ್ದನ್ನು
ನನ್ನ ಟೇಪು ಕಂಡಿದೆ.

ಮೊದಲು ಹೊಲಿದದ್ದು ಎರಡು.
ರಾತ್ರಿಪಾಳಿ ಮುಗಿಸಿ ಬಂದ ಅವನಪ್ಪ
ಪೇಪರಿನಲ್ಲಿ ಸುತ್ತಿದ ನೀಲಿ ಬನೀನು ಮೇಜಿನ ಮೇಲಿಟ್ಟು
‘ಹುಡುಗ ಹಿಂದೆ ನಿಂತ್ಕೋತಾನಂತೆ’ ಅಂದ,
ಕ್ಷಮೆ ಕೇಳುವವನ ಹಾಗೆ.

ಆರು ತಿಂಗಳಿಗೆ, ಬಿಚ್ಚು, ನಾಲ್ಕು ಹಾಕು:
ನಡುವೆ ಆಡುವವನ ಕಾಲು
ಕೆಳಗೆ ಬಂಡೆ ಸಿಡಿದು ಹೋಗಿತ್ತು.
ಮತ್ತೆ ಬಿಚ್ಚು, ಏಳು:
ಅಂಚಿನಲ್ಲಿ ಓಡುವವನಿಗೆ ಮದುವೆಯಾಯಿತು,
ಹೆಂಡತಿ ಬೇಡವೆಂದಳು.
ಮತ್ತೆ ಬಿಚ್ಚು, ಒಂಬತ್ತು. ತಿರುವು ಜಾಸ್ತಿ ಅದಕ್ಕೆ,
ನಾಲ್ಕಾಣೆ ಹೆಚ್ಚು ಕೇಳಿದೆ, ಕೊಡಲಿಲ್ಲ.
ಒಂದು ಭಾನುವಾರ ಚರ್ಚಿನಿಂದ ನೇರ ಓಡಿ ಬಂದ:
‘ಅಣ್ಣಾ, ಒಂದು ಬೇಕು, ಈಗಲೇ. ಗೋಲಿಯ ಬೆರಳು ಮುರೀತು.’
ಒಂದು ಹೊಲಿಯುವುದು ಸಲೀಸು.
ಒಂದೇ ಪಟ್ಟಿ, ನೇರ.

ಅಂಕಿ ಕಿತ್ತರೂ ಸೂಜಿಯ ತೂತು ಹೋಗುವುದಿಲ್ಲ.
ಆ ಬನೀನನ್ನು ಬಲ್ಬಿಗೆ ಹಿಡಿದರೆ
ಒಂಬತ್ತರ ಹೊಟ್ಟೆಯೊಳಗೆ ಏಳರ ಕೋಲು,
ಅದರಡಿ ನಾಲ್ಕು, ಎರಡು,
ಚುಕ್ಕೆಯಿಟ್ಟು ಗೆರೆ ಎಳೆಯಲು
ಮರೆತ ರಂಗೋಲಿ.

ಕ್ಯಾಪ್ಟನ್ ಆದ ವರ್ಷ ತೋಳಿಗೆ ಪಟ್ಟಿ ಬೇಕೆಂದ.
ಕ್ಲಬ್ಬಿನಲ್ಲಿ ಕಾಸಿಲ್ಲ. ಯಾರದೋ ಲಂಗಕ್ಕೆ ಹಾಕಿ
ಮಿಕ್ಕ ಎಲಾಸ್ಟಿಕ್ ಇತ್ತು.
ಯಾರದೆಂದು ಹೇಳಲಿಲ್ಲ. ಈಗಲೂ ಹೇಳಿಲ್ಲ.
ಅದನ್ನು ಕಟ್ಟಿಕೊಂಡು ಸೈನೈಡ್ ದಿಬ್ಬದ ಬೂದಿ ಏಳುವ ಮೈದಾನದಲ್ಲಿ
ಹತ್ತು ಜನರನ್ನು ಬೈದ, ಹನ್ನೊಂದನೆಯವನನ್ನೂ,
ಅಂದರೆ ತನ್ನನ್ನೇ, ಜೋರಾಗಿ,
ಹೆಸರು ಹಿಡಿದು.

ಆಮೇಲೆ ಕಾಲಿಗೆ ಸಂಬಳ ಕೊಡುವ ಊರಿಗೆ ಹೋದ.
ಕಲ್ಕತ್ತದಲ್ಲಿ ಎಂಟು ಸೀಸನ್.
ಅಲ್ಲಿಯೂ ಅದೇ ಕಥೆ, ಎಡಕ್ಕೆ ಹೋಗು, ಹಿಂದಕ್ಕೆ ಬಾ.
ಮೂರನೇ ವರ್ಷ ಅಲ್ಲಿಯೂ ತೋಳಿಗೆ ಪಟ್ಟಿ.
ಒಂದು ಕಾರ್ಡು ಬರೆದಿದ್ದ:
‘ಇಲ್ಲಿ ಅಂಕಿ ಬಿಚ್ಚಲ್ಲ ಅಣ್ಣಾ,
ಬನೀನೇ ಬೇರೆ ಕೊಡ್ತಾರೆ.’
ಕಾರ್ಡು ಓದಿ ಯಾಕೋ ಆ ದಿನ
ಎರಡು ಕಾಜ ತಪ್ಪಾಗಿ ಕತ್ತರಿಸಿದೆ.

ಗಣಿಯ ಸಂಗು ನಿಂತುಹೋದ ವರ್ಷ ವಾಪಸ್ಸು ಬಂದ.
ಬಲಮಂಡಿಯಲ್ಲಿ ಕೊಯ್ದು ಹೊಲಿದ ಗಾಯ.
ನೋಡಿದೆ. ಒರಟು ಹೊಲಿಗೆ, ದಾರ ಎಳೆದು ಬಿಟ್ಟಿದ್ದಾರೆ.

ಟೀ ಅಂಗಡಿಯವರು ಅನ್ನುತ್ತಾರೆ,
ಒಂದು ಜಾಗ ಹಿಡಿದು ನಿಂತಿದ್ದರೆ
ದೇಶಕ್ಕೇ ಆಡುತ್ತಿದ್ದ.
ನನಗೂ ಹಾಗನಿಸಿದ್ದುಂಟು. ಒಮ್ಮೆ ಕೇಳಿಯೇಬಿಟ್ಟೆ,
ನಿನ್ನ ಜಾಗ ಯಾವುದೋ ಇನ್ನಾಸಿ?
ಆಗ ಅವನು ನನ್ನ ಸೂಜಿಗೆ ದಾರ ಪೋಣಿಸುತ್ತಿದ್ದ.
ನನಗೀಗ ತೂತು ಕಾಣುವುದಿಲ್ಲ,
ಬಂದಾಗಲೆಲ್ಲ ಹತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿ ಹೋಗುತ್ತಾನೆ.
‘ಹಾಂ?’ ಅಂದ. ದಾರದ ತುದಿ ಬಾಯಲ್ಲಿತ್ತು.
ಮತ್ತೆ ಕೇಳಲಿಲ್ಲ.

ನಿನ್ನೆ ಹದಿನಾಲ್ಕು ಸಣ್ಣ ಬನೀನು ತಂದ,
ಮಾರಿಕುಪ್ಪಂ ಲೈನಿನ ಮಕ್ಕಳದು. ಮೂರು ಹೆಣ್ಣುಮಕ್ಕಳವು.
ಬರೀ ಕೈ ಮಡಿಸಿ ಹೊಲಿ ಸಾಕು,
ಅಂಕಿ ಬೇಡ, ಅಂದ.
ಅಂಕಿಯಿಲ್ಲದೆ ರೆಫ್ರಿ ಏನು ಬರೀತಾನೆ? ನಾನೂ ಬಿಡಲಿಲ್ಲ.
ಯಾರು ಎಲ್ಲಿ ಆಡ್ತಾರೋ ಈಗಲೇ ಹೇಗೆ ಹೇಳಲಿ ಅಂತ ಅವನು.
ಪಕ್ಕದ ಅಂಗಡಿಯವನು ಇಣುಕುವಷ್ಟು ಜಗಳ.

ಕೊನೆಗೆ ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದ ಬಿಲ್ಲೆ
ಕೈಗೆ ಸಿಕ್ಕಿತು.
ತಗೋ, ಆಟಕ್ಕೆ ಮುಂಚೆ ನೀನೇ ಬರಿ,
ಬೆವರಿಗೆ ಅಳಿಸಿಹೋಗುತ್ತೆ.

ಬಿಲ್ಲೆ ಜೇಬಿಗೆ ಹಾಕಿಕೊಂಡು ಹೊರಟವನು
ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದ.